ಕಡಗಂಚಿಯಲ್ಲಿ ಎರಡು ದಿನ

ಪ್ರವಾಸಗಳು ಎರಡು ತೆರನಾಗಿರುವವು. ತನ್ನ ಮನಸ್ಸಿಗೆ ಬಂದು ಹೊರಡುವದು ಒಂದು. ಮನೆಯವರ ಮಾತು ಮೀರಲಾರದೆ ಹೊರಡುವದು ಇನ್ನೊಂದು. ಕಳೆದ ಮಾರ್ಗಶಿರ ಮಾಸದಲ್ಲಿ ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಕಡಗಂಚಿಗೆ ಹೋಗಿಬಂದದ್ದು ಎರಡನೆಯ ತೆರನಾದ ಪ್ರವಾಸವು. ನನ್ನ ತಂಗಿಯ ಮಗನು ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ. ಎ. ತರಗತಿಯಲ್ಲಿ ಓದುತ್ತಿರುವನು. ಜಾಣ ಹುಡುಗನು. ಓದು ಮುಗಿದೊಡನೆ ಒಳ್ಳೆಯ ನೌಕರಿ ಹಿಡಿಯುವನೆಂದು ನಾವೆಲ್ಲರೂ ನಂಬಿಕೊಂಡಿದ್ದೆವು. ಹೀಗಿರಲು ಒಂದು ದಿನ ಅವನು ತಾಯಿಗೆ ಫೋನು ಮಾಡಿ, ತಾನೂ ತನ್ನ ಮೂವರು ಗೆಳೆಯರೂ ಕೂಡಿ ಹಾಡಿನ ಮೇಳವೊಂದನ್ನು ಕಟ್ಟಿರುವದಾಗಿಯೂ, ಓದನ್ನು ಇಲ್ಲಿಗೇ ನಿಲ್ಲಿಸಿ ಅದರ ಬೆನ್ನು ಹತ್ತುವದಾಗಿಯೂ ತಿಳಿಸಿದನಂತೆ. ತಂಗಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅವಳು ನಮ್ಮ ಮನೆಗೆ ಬಂದು, "ಅಣ್ಣಾ, ನೀ ಹೋಗಿ ನಾಲ್ಕು ಮಾತು ಹೇಳಿ ಬಾ. ನಿನ್ನ ಮಾತಂದ್ರ ಅವ ತಗದು ಹಾಕೂದಿಲ್ಲ" ಎಂದಳು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಗಣಿತವನ್ನು ಕಲಿಸಿದವನು. ಪರರ ಮಕ್ಕಳಿಗೆ ಬುದ್ಧಿ ಹೇಳುವದು ನನಗೆ ರೂಢಿಯಾಗಿದೆ. ಆದುದರಿಂದ ಹೆಚ್ಚು ಯೋಚಿಸದೆ ಒಪ್ಪಿಕೊಂಡೆನು. ಒಂದು ಚೀಲದಲ್ಲಿ ತಂಗಿ ಕಟ್ಟಿಕೊಟ್ಟ ಬೇಸನ್ ಉಂಡಿ, ಚಕ್ಕುಲಿ, ಧಾರವಾಡದ ಪೇಡೆಗಳನ್ನು ತುಂಬಿಕೊಂಡು, ತಲೆಯಲ್ಲಿ ಉಪದೇಶದ ಮಾತುಗಳನ್ನು ತುಂಬಿಕೊಂಡು, ಧಾರವಾಡದಿಂದ ರಾತ್ರಿಯ ಬಸ್ಸು ಹತ್ತಿದೆನು. ದಾರಿಯುದ್ದಕ್ಕೂ ನಿದ್ದೆ ಬಾರಲಿಲ್ಲ. ರೇಖಾಗಣಿತದ ಪ್ರಮೇಯವನ್ನು ಸಾಧಿಸುವಂತೆ ನನ್ನ ವಾದವನ್ನು ಒಂದೊಂದೇ ಮೆಟ್ಟಿಲಾಗಿ ಕಟ್ಟುತ್ತ ಹೋದೆನು. ಬೆಳಗಾಗುವ ಹೊತ್ತಿಗೆ ಅದು ಪೂರ್ಣವಾಯಿತು. ಎಲ್ಲಿಯೂ ಬಿರುಕು ಕಾಣಲಿಲ್ಲ.

ಕಲಬುರಗಿಯಲ್ಲಿ ಇಳಿದಾಗ ಹೊತ್ತು ಮೂಡುತ್ತಿತ್ತು. ಬಹಮನಿ ಸುಲ್ತಾನರು ಮೊದಲು ರಾಜಧಾನಿಯನ್ನು ಮಾಡಿಕೊಂಡದ್ದು ಈ ಊರಿನಲ್ಲಿಯೇ. ಬಂದೇ ನವಾಜರ ದರ್ಗೆಯೂ ಶರಣಬಸವೇಶ್ವರರ ಗುಡಿಯೂ ಇರುವ ಈ ಊರು ನಿಜಾಮರ ಆಳಿಕೆಯಲ್ಲಿದ್ದು, ೧೯೪೮ರ ಸೆಪ್ಟೆಂಬರ ೧೭ರ ತರುವಾಯ ಭಾರತದಲ್ಲಿ ಸೇರಿ, ೧೯೫೬ರ ನವೆಂಬರ ೧ರಂದು ಕನ್ನಡ ನಾಡಿನ ಉಳಿದ ಭಾಗಗಳೊಡನೆ ಒಂದಾಯಿತು. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಬಿಸಿ ಸುಸಲಾ ತಿಂದು, ಚಹಾ ಕುಡಿದು, ಆಳಂದದ ಬಸ್ಸಿನಲ್ಲಿ ಕುಳಿತೆನು. ಕಡಗಂಚಿಯು ಅಲ್ಲಿಂದ ಸುಮಾರು ೩೦ ಕಿಲೋಮೀಟರು.

ಈ ದಾರಿಯನ್ನು ಬೇಸಿಗೆಯಲ್ಲಿ ಕಂಡವರು ಬರಿಯ ಬಯಲು, ಬಿರುಕು ಬಿಟ್ಟ ಕರಿಯ ಮಣ್ಣು, ಕಣ್ಣು ಕುಕ್ಕುವ ಬಿಸಿಲು ಎನ್ನುವರು. ಮಾರ್ಗಶಿರದಲ್ಲಿ ಕಂಡವನು ಹಾಗೆ ಹೇಳಲಾರನು. ರಸ್ತೆಯ ಎರಡೂ ಬದಿಗೆ ಆಳೆತ್ತರದ ತೊಗರಿ ನಿಂತಿತ್ತು. ಹಳದಿಯ ಹೂವುಗಳು ಹೆಚ್ಚಾಗಿ ಉದುರಿ ಕಾಯಿ ಬಲಿಯುವ ಕಾಲ. ಆದರೂ ಅಲ್ಲೊಂದು ಇಲ್ಲೊಂದು ಗಿಡ ಇನ್ನೂ ಹೂವಿನಲ್ಲಿಯೇ ಇತ್ತು. ನಡುನಡುವೆ ಬಿಳಿಜೋಳದ ಹೊಲಗಳು. ಈ ಸೀಮೆಗೆ ತೊಗರಿಯ ಕಣಜವೆಂಬ ಹೆಸರುಂಟಷ್ಟೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ನಮ್ಮ ಮನೆಗಳಲ್ಲಿ ದಿನವೂ ಕುದಿಯುವ ಸಾರಿನ ಮೂಲವನ್ನು ಕಣ್ಣಾರೆ ಕಾಣುತ್ತಿರುವೆನೆಂದು ನನಗೆ ಸಂತೋಷವಾಯಿತು. ಪಕ್ಕದಲ್ಲಿ ಕುಳಿತ ಮುದುಕರು, "ಮಳಿ ಹಿಂದ ಮುಂದ ಆಯ್ತಂದ್ರ ಹೂವೆಲ್ಲ ಉದರ್ತದ್ರಿ. ಹೂ ನಿಂತ್ರ ಕಾಯಿ, ಕಾಯಿ ನಿಂತ್ರ ಬ್ಯಾಳಿ" ಎಂದರು. ಹೂ ನಿಲ್ಲುವದೆಂಬ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಅಳಿಯನು ಮಧ್ಯಾಹ್ನದ ವರೆಗೆ ತರಗತಿಯಲ್ಲಿರುವನೆಂದು ತಿಳಿದದ್ದರಿಂದ ನಾನು ಮೊದಲು ಕಡಗಂಚಿಯ ಊರೊಳಗೆ ಇಳಿದೆನು. ಈ ಸಣ್ಣ ಊರಿನ ಹೆಸರು ಮಹಾರಾಷ್ಟ್ರದ ಮನೆಮನೆಗಳಲ್ಲಿ ಭಕ್ತಿಯಿಂದ ನೆನೆಯಲ್ಪಡುತ್ತಿರುವದು ಎಷ್ಟು ಜನ ಕನ್ನಡಿಗರಿಗೆ ಗೊತ್ತಿದೆಯೋ ನಾನರಿಯೆ. ದತ್ತಭಕ್ತರು ನಿತ್ಯವೂ ಪಾರಾಯಣ ಮಾಡುವ ಮರಾಠಿಯ 'ಗುರುಚರಿತ್ರೆ'ಯನ್ನು ಬರೆದ ಸರಸ್ವತೀ ಗಂಗಾಧರನು ಈ ಊರಿನ ಮನೆತನದವನು. ಅಫಜಲಪುರ ತಾಲೂಕಿನಲ್ಲಿ ಅಮರ್ಜಾ ನದಿಯು ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಗಳಿಗೆ ಕಡಗಂಚಿಯ ಸಾಯಂದೇವನು ಶಿಷ್ಯನಾಗಿದ್ದನು. ಸಾಯಂದೇವನ ಮಗ ನಾಗನಾಥ, ಅವನ ಮಗ ದೇವರಾಯ, ಅವನ ಮಗ ಗಂಗಾಧರ. ಆ ಗಂಗಾಧರನ ಮಗನೇ ಈ ಸರಸ್ವತಿಯು. ಸಾಯಂದೇವನ ನೆನಪಿಗೆ ಇಲ್ಲಿ ದತ್ತಕ್ಷೇತ್ರವಿದೆ. ದತ್ತ ಜಯಂತಿಯು ಹತ್ತಿರವಾಗಿದ್ದುದರಿಂದ ಸೋಲಾಪುರದ ಕಡೆಯ ಯಾತ್ರಿಕರು ಅಲ್ಲಿ ಅನೇಕರಿದ್ದರು. ನನ್ನ ಒಂದು ಬದಿಗೆ ಮರಾಠಿ, ಇನ್ನೊಂದು ಬದಿಗೆ ಕನ್ನಡ ಕೇಳಿಬರುತ್ತಿತ್ತು.

ಗುಡಿಯ ಕಟ್ಟೆಯ ಮೇಲೆ ಕುಳಿತು ನಾನು ಎರಡು ವಿಷಯಗಳನ್ನು ನೆನೆದೆನು. ಮೊದಲನೆಯದು, ಈ ಕವಿಯ ಮನೆಮಾತು ಕನ್ನಡ. ಮರಾಠಿಯು ತನಗೆ ಚೆನ್ನಾಗಿ ಬಾರದೆಂದು ಅವನು ತನ್ನ ಗ್ರಂಥದಲ್ಲಿಯೇ ಒಪ್ಪಿಕೊಂಡಿರುವನು. ಆದರೂ ಬರೆದನು; ಬರೆದದ್ದು ಶತಮಾನಗಳ ವರೆಗೆ ಉಳಿಯಿತು. ಎರಡನೆಯದು ಆ ಗ್ರಂಥದ ಕಟ್ಟಡ. ಅಲ್ಲಿ ಸಿದ್ಧನೆಂಬವನು ಹೇಳುವನು, ನಾಮಧಾರಕನೆಂಬವನು ಕೇಳುವನು. ನಾಮಧಾರಕನು ದಣಿಯದೆ, 'ಮುಂದೇನಾಯಿತು?' ಎಂದು ಕೇಳುತ್ತಿರುವದರಿಂದಲೇ ಸಿದ್ಧನ ಮಾತು ಐವತ್ತಕ್ಕೂ ಮಿಕ್ಕಿದ ಅಧ್ಯಾಯಗಳಾಗಿ ಹರಿಯುವದು. ಈ ನಾಮಧಾರಕನು ಮತ್ತಾರೂ ಅಲ್ಲ, ಗ್ರಂಥಕರ್ತನಾದ ಸರಸ್ವತೀ ಗಂಗಾಧರನೇ ಎಂದು ಭಕ್ತರು ತಿಳಿಯುವರು. ಈ ವಿಚಾರವು ಆಗ ಸುಮ್ಮನೆ ಮನಸ್ಸಿನಲ್ಲಿ ಸುಳಿದು ಹೋಯಿತು.

ಮಧ್ಯಾಹ್ನ ಅಳಿಯನೇ ಬಂದು ನನ್ನನ್ನು ಕರೆದುಕೊಂಡು ಹೋದನು. ೨೦೦೯ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯವು ಬಯಲಿನ ನಡುವೆ ಬಿಳಿಯ ಕಟ್ಟಡಗಳ ಒಂದು ಹೊಸ ಊರಿನಂತಿದೆ. ಕೇರಳದ, ಆಂಧ್ರದ, ಉತ್ತರ ಹಿಂದುಸ್ಥಾನದ ಮಕ್ಕಳು ಅಲ್ಲಿ ಓದುತ್ತಿರುವರು. ಆದರೆ ಅವನು ನನ್ನನ್ನು ಒಳಗೆ ಕರೆದೊಯ್ಯಲಿಲ್ಲ. ಹೊಲದ ಅಂಚಿನಲ್ಲಿ ಅವರು ನಾಲ್ವರೂ ಬಾಡಿಗೆಗೆ ಹಿಡಿದ ಒಂದು ತಗಡಿನ ಕೋಣೆಗೆ ಕರೆದೊಯ್ದನು. ಅಲ್ಲಿ ಎರಡು ಗಿಟಾರು, ಒಂದು ಸೆಟ್ಟು ಡ್ರಮ್ಮು, ಗೋಡೆಗೆ ಹೊಡೆದ ಹಳೆಯ ಗೋಣಿಚೀಲಗಳು ಇದ್ದವು. ಒಬ್ಬನು ಮಲೆಯಾಳಿ, ಒಬ್ಬನು ಬೀದರದವನು, ಒಬ್ಬನು ಜೇವರ್ಗಿಯವನು. ಮೂವರೂ ನನ್ನ ಕಾಲಿಗೆರಗಿ ನಮಸ್ಕರಿಸಿದರು. ಪುಂಡರನ್ನು ಕಾಣುವೆನೆಂದು ಹೋದ ನನಗೆ ಸ್ವಲ್ಪ ಸಂಕೋಚವೇ ಆಯಿತು.

"ಮಾಮಾ, ಒಂದು ಹಾಡು ಕೇಳ್ರಿ" ಎಂದು ಅಳಿಯನು ಹೇಳಿದನು, ಅವರು ಆರಂಭಿಸಿದರು. ವಾಚಕರೇ, ಆ ಧ್ವನಿಯನ್ನು ಏನೆಂದು ವರ್ಣಿಸಲಿ! ತಗಡಿನ ಮೇಲೆ ಆಲಿಕಲ್ಲಿನ ಮಳೆ ಸುರಿದಂತಾಯಿತು. ಅಳಿಯನು ಹಾಡುತ್ತಿದ್ದನೋ ಯಾರನ್ನಾದರೂ ಗದರಿಸುತ್ತಿದ್ದನೋ ತಿಳಿಯಲಿಲ್ಲ. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಗಾಯನವನ್ನು ಎದುರಿಗೆ ಕುಳಿತು ಕೇಳಿದ ಕಿವಿಗಳಿವು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯೆತ್ತಿ ನಿಲ್ಲಿಸೆಂದು ಸನ್ನೆ ಮಾಡಿದೆನು. ನಿಲ್ಲಿಸಿದರು. ಯಾರೂ ಮುಖ ಗಂಟಿಕ್ಕಲಿಲ್ಲ. ಜೇವರ್ಗಿಯ ಹುಡುಗನು ಹೋಗಿ ಚಹಾ ತಂದನು.

ಅದು 'ಪಂಕ್' ಎಂಬ ಜಾತಿಯ ಗಾಯನವಂತೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಪುಂಡ, ಕೆಲಸಕ್ಕೆ ಬಾರದವ ಎಂಬರ್ಥವಿದೆ. ಪಾಶ್ಚಾತ್ಯರ ಜನಪ್ರಿಯ ಸಂಗೀತವು ದೊಡ್ಡ ಕಂಪನಿಗಳ ಕೈಸೇರಿ ಬಹಳ ಖರ್ಚಿನ ವ್ಯವಹಾರವಾದಾಗ, ೧೯೭೬ರ ಸುಮಾರಿಗೆ ನ್ಯೂಯಾರ್ಕು ಮತ್ತು ಲಂಡನ್ನುಗಳ ತರುಣರು, ಮೂರು ಸ್ವರಮೇಳ ಬಂದರೆ ಸಾಕು, ಹಾಡಲಿಕ್ಕೆ ಯಾರ ಅಪ್ಪಣೆಯೂ ಬೇಡವೆಂದು ಇದನ್ನು ಆರಂಭಿಸಿದರಂತೆ. ಕಂಪನಿಯ ಹಂಗಿಲ್ಲದೆ ತಾವೇ ರೆಕಾರ್ಡು ಮಾಡಿ ತಾವೇ ಮಾರುವದರಿಂದ ಇಂಥವರಿಗೆ ಸ್ವತಂತ್ರ ಮೇಳಗಳೆಂದು ಹೆಸರು.

ನನ್ನ ವಾದದ ಮೊದಲನೆಯ ಮೆಟ್ಟಿಲನ್ನು ಹೂಡಿದೆನು: "ಇದನ್ನ ಕೇಳವರು ಯಾರಪ್ಪಾ?" ಅದಕ್ಕೆ ಉತ್ತರವಾಗಿ ಅಳಿಯನು ಒಂದು ಕಥೆಯನ್ನು ಹೇಳಿದನು. ಅದನ್ನು ನನ್ನ ಮಾತಿನಲ್ಲಿ ಇಲ್ಲಿ ಕೊಡುವೆನು.

ಐರ್ಲಂಡಿನ ಉತ್ತರಕ್ಕೆ ಡೆರಿ ಎಂಬ ಊರುಂಟು. ಅದು ಗಲಭೆ, ಬಾಂಬು, ಸೈನಿಕರ ಕಾವಲುಗಳಿಂದ ಬೆಂದ ಊರು. ೧೯೭೨ರ ಜನವರಿ ೩೦ರಂದು ಅಲ್ಲಿ ಮೆರವಣಿಗೆಗೆ ಬಂದ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಲು, ೧೩ ಜನ ಅದೇ ದಿನ ಸತ್ತರು. ಅಂಥ ಊರಿನಲ್ಲಿ ಐವರು ಹುಡುಗರು ಕೂಡಿ 'ಅಂಡರ್‌ಟೋನ್ಸ್' ಎಂಬ ಮೇಳ ಕಟ್ಟಿದರು. ಫರ್ಗಲ್ ಶಾರ್ಕಿ ಎಂಬವನು ಹಾಡುವನು. ಓನೀಲ್ ಮನೆತನದ ಅಣ್ಣತಮ್ಮಂದಿರಿಬ್ಬರು ಗಿಟಾರು ಬಾರಿಸುವರು. ಮಿಕ್ಕಿ ಬ್ರಾಡ್ಲಿ, ಬಿಲ್ಲಿ ಡಹರ್ಟಿ ಉಳಿದಿಬ್ಬರು. ಹೊರಗೆ ಗುಂಡಿನ ಸಪ್ಪಳವಿದ್ದಾಗಲೂ ಅವರು ಹಾಡಿದ್ದು ಹರೆಯದ ಹುಡುಗನೊಬ್ಬನ ಸಾದಾ ಹಂಬಲವನ್ನು. ಬೆಲ್‌ಫಾಸ್ಟಿನಲ್ಲಿ ರೆಕಾರ್ಡಿನ ಅಂಗಡಿಯಿಟ್ಟಿದ್ದ ಟೆರಿ ಹೂಲಿ ಎಂಬವನು ತನ್ನ 'ಗುಡ್ ವೈಬ್ರೇಷನ್ಸ್' ಎಂಬ ಸಣ್ಣ ಸಂಸ್ಥೆಯಿಂದ ೧೯೭೮ರ ಜೂನಿನಲ್ಲಿ ಅವರ ನಾಲ್ಕು ಹಾಡುಗಳನ್ನು ಮುದ್ರಿಸಿದನು. 'ಟೀನೇಜ್ ಕಿಕ್ಸ್' ಎಂಬುದು ಅದರಲ್ಲಿ ಒಂದು. ಹೂಲಿಯು ಅದನ್ನು ಹೊತ್ತು ಲಂಡನ್ನಿಗೆ ಹೋದನು. ಅಲ್ಲಿಯ ಕಂಪನಿಗಳವರು ಬೇಡವೆಂದರು. ಆದರೆ ಒಂದು ಪ್ರತಿಯು ಬಿ. ಬಿ. ಸಿ. ರೇಡಿಯೋದ ಉದ್ಘೋಷಕನಾದ ಜಾನ್ ಪೀಲ್ ಎಂಬವನ ಕೈಸೇರಿತು.

ಈ ಪೀಲನು ೧೯೩೯ರಲ್ಲಿ ಹುಟ್ಟಿದವನು. ೧೯೬೭ರಲ್ಲಿ ಬಿ. ಬಿ. ಸಿ. ತನ್ನ 'ರೇಡಿಯೋ ಒಂದು' ಎಂಬ ಕೇಂದ್ರವನ್ನು ತೆರೆದಾಗ ಸೇರಿ, ೨೦೦೪ರಲ್ಲಿ ತೀರಿಕೊಳ್ಳುವ ತನಕ ೩೭ ವರ್ಷ ಅಲ್ಲಿಯೇ ಇದ್ದನು. ಸಂಗೀತಗಾರನಲ್ಲ, ಮಾತಿನ ಮಲ್ಲನೂ ಅಲ್ಲ. ಒಮ್ಮೊಮ್ಮೆ ರೆಕಾರ್ಡನ್ನು ತಪ್ಪು ವೇಗದಲ್ಲಿ ತಿರುಗಿಸಿ ಕೇಳುವವರ ಕ್ಷಮೆ ಬೇಡುತ್ತಿದ್ದನಂತೆ. ಅವನ ಗುಣ ಒಂದೇ. ಹೆಸರಿಲ್ಲದವರು ಕಳಿಸಿದ ರೆಕಾರ್ಡುಗಳನ್ನು ಅವನು ಕೂತು ಕೇಳುವನು. ಹಿಡಿಸಿದರೆ, ಯಾರು ಏನೆಂದಾರೆಂದು ನೋಡದೆ ದೇಶಕ್ಕೆಲ್ಲ ಕೇಳಿಸುವನು. ಅವನ ಕಾರ್ಯಕ್ರಮಕ್ಕಾಗಿ ನಾನಾ ಮೇಳಗಳು ಬಂದು ಹಾಡಿದ ಮುದ್ರಣಗಳೇ ನಾಲ್ಕು ಸಾವಿರಕ್ಕೆ ಮಿಕ್ಕಿವೆ. ೧೯೭೮ರ ಸೆಪ್ಟೆಂಬರದ ಒಂದು ರಾತ್ರಿ ಅವನು ಡೆರಿಯ ಹುಡುಗರ ಆ ಹಾಡನ್ನು ಹಚ್ಚಿದನು. ಮುಗಿಯಿತು. ಮುಗಿದೊಡನೆ ಅದನ್ನೇ ಇನ್ನೊಮ್ಮೆ ಹಚ್ಚಿದನು! ಅಮೆರಿಕದ ರೆಕಾರ್ಡು ಕಂಪನಿಯೊಂದರ ಯಜಮಾನನು ಆಗ ಇಂಗ್ಲಂಡಿನಲ್ಲಿದ್ದವನು ಅದನ್ನು ಕೇಳಿ ಡೆರಿಗೆ ಆಳು ಕಳಿಸಿದನು. ಆ ವರ್ಷವೇ ಹಾಡು ಆ ದೇಶದ ಮಾರಾಟದ ಪಟ್ಟಿಯಲ್ಲಿ ೩೧ನೆಯ ಸ್ಥಾನಕ್ಕೆ ಏರಿತು. ೧೯೭೯ರಿಂದ ೧೯೮೩ರ ವರೆಗೆ ಮೇಳದವರು ನಾಲ್ಕು ದೊಡ್ಡ ರೆಕಾರ್ಡುಗಳನ್ನು ಹೊರತಂದು ಬೇರೆಯಾದರು. ೧೯೯೯ರಲ್ಲಿ ಶಾರ್ಕಿಯ ಹೊರತಾಗಿ ಮತ್ತೆ ಕೂಡಿದಾಗ ಪಾಲ್ ಮಕ್‌ಲೂನ್ ಎಂಬವನು ಗಾಯಕನಾದನು. ಅವನು ರೇಡಿಯೋದಲ್ಲಿ ಕಾರ್ಯಕ್ರಮ ನಡೆಸಿದವನು. ಬ್ರಾಡ್ಲಿಯೂ ಡೆರಿಯ ರೇಡಿಯೋ ಕೇಂದ್ರದಲ್ಲಿ ಕೆಲಸಕ್ಕೆ ನಿಂತನು. ಒಂದು ಕಾಲಕ್ಕೆ ರೇಡಿಯೋದವನ ಕಿವಿಯಿಂದ ಬೆಳಕಿಗೆ ಬಂದವರು ತಾವೂ ರೇಡಿಯೋದವರಾದರು. ಪೀಲನ ಇಚ್ಛೆಯಂತೆ ಆ ಹಾಡಿನ ಒಂದು ಸಾಲನ್ನು ಅವನ ಗೋರಿಯ ಕಲ್ಲಿನ ಮೇಲೆ ಕೊರೆದಿರುವರಂತೆ.

ಕಥೆ ಚೆನ್ನಾಗಿತ್ತು. ಆದರೆ ನಾನು ಗಣಿತದ ಮಾಸ್ತರನು. "ಅಂಥಾ ಪೀಲ ಎಷ್ಟು ಮಂದಿಗೆ ಸಿಕ್ಕಾನು? ಸಿಗದವರು ಸಾವಿರ ಮಂದಿ ಇರತಾರ. ಅವರ ಕಥಿ ಯಾರೂ ಹೇಳೂದಿಲ್ಲ" ಎಂದೆನು. ಅಳಿಯನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಅದ ಮಾಮಾ. ನಮಗ ಹಂಗಾಗತದ ಅಂತ ನಾ ಹೇಳೂದಿಲ್ಲ. ಆದರ ಬ್ಯಾಡ ಅನ್ನೂಕಿಂತ ಮೊದಲ ಒಬ್ಬರರೆ ಪೂರ್ತಿ ಕೇಳಬೇಕಲ್ಲ. ನೀವೂ ಅರ್ಧಕ್ಕ ನಿಲ್ಲಿಸಿದ್ರಿ" ಎಂದನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತು.

ಸಂಜೆ ಜೇವರ್ಗಿಯ ಹುಡುಗನು, "ಊರಾಗ ಭಜನಿ ಅದರಿ, ಬರ್ರಿ" ಎಂದು ಕರೆದನು. ಗುಡಿಯ ಪಡಸಾಲೆಯಲ್ಲಿ ಏಳೆಂಟು ಜನ ಕೂತಿದ್ದರು. ಒಬ್ಬರು ಹೊಲದ ಕೂಲಿಯವರು, ಒಬ್ಬರು ಬಟ್ಟೆ ಹೊಲಿಯುವವರು, ಒಬ್ಬರು ಸಣ್ಣ ಅಂಗಡಿಯವರು. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಅವರು ಹಾಡತೊಡಗಿದರು. ಮಡಿವಾಳಪ್ಪನವರು ಈ ಭೀಮಾ ಸೀಮೆಯವರೇ. ಅವರು ನೆಲೆನಿಂತ ಕಡಕೋಳವು ಹಿಂದೆ ಜೇವರ್ಗಿ ತಾಲೂಕಿಗೆ ಸೇರಿತ್ತು. ಜಾತಿಯ ಸೊಕ್ಕನ್ನೂ ಡಾಂಭಿಕರ ಭಕ್ತಿಯನ್ನೂ ಮುಖಕ್ಕೆ ಹೊಡೆದಂತೆ ಹಾಡಿದವರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಂಥ ಮುಸಲ್ಮಾನರೂ ಇದ್ದರು. ಆ ಹಾಡುಗಳಿಗೆ ಅರಮನೆಯ ಆಶ್ರಯವಿರಲಿಲ್ಲ. ಏಕತಾರಿಯ ತಂತಿ ಒಂದೇ. ಹಗಲೆಲ್ಲ ದುಡಿದು ರಾತ್ರಿ ಹಾಡುವವರು ಅವನ್ನು ಬಾಯಿಂದ ಬಾಯಿಗೆ ದಾಟಿಸಿ ಇಲ್ಲಿಯ ವರೆಗೆ ತಂದರು. ದಮ್ಮಡಿಯ ಪೆಟ್ಟು ಏರುತ್ತ ಹೋದಂತೆ ಹಾಡುವವರ ಕೊರಳ ನರಗಳು ಉಬ್ಬಿದವು, ದನಿಯು ಗದರಿಕೆಯಾಯಿತು. ನಾನು ಅಳಿಯನ ಕಡೆಗೆ ನೋಡಿದೆನು. ಅವನೂ ಅವನ ಗೆಳೆಯರೂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಕಣ್ಣು ಮುಚ್ಚಿ, ಕೈಯಿಂದ ತಾಳ ಹಾಕುತ್ತಿದ್ದರು. ಮಧ್ಯಾಹ್ನ ಕಿವಿ ಮುಚ್ಚಿಕೊಂಡ ನಾನು ಈ ಹಾಡಿಗೆ ಕಿವಿ ಮುಚ್ಚಲಿಲ್ಲ. ಇದು ಹಳೆಯದೆಂಬ ಕಾರಣಕ್ಕೆ ಮಾತ್ರವೇ? ಈ ಪ್ರಶ್ನೆಯು ನನ್ನನ್ನು ಚುಚ್ಚಿತು.

ಭಜನೆ ಮುಗಿದ ಮೇಲೆ ಹಿರಿಯರೊಬ್ಬರು ಎಲೆಯಡಿಕೆ ಕೊಡುತ್ತ ತಮ್ಮ ಮಾತು ತೆಗೆದರು. ಅವರು ತರುಣರಾಗಿದ್ದಾಗ ರೇಡಿಯೋದವರೊಬ್ಬರು ಹಳ್ಳಿಗೆ ಬಂದು, ಇದೇ ಪಡಸಾಲೆಯಲ್ಲಿ ಕೂತು, ಯಂತ್ರದಲ್ಲಿ ಇವರ ಹಾಡು ತುಂಬಿಕೊಂಡು ಹೋದರಂತೆ. "ನಮ್ಮ ಹಾಡು ರೇಡಿಯೋದಾಗ ಬಂದಾಗ ಯಾರ ದನಿ ಯಾರದು ಅಂತ ನಮಗ ಗುರ್ತ ಸಿಗಲಿಲ್ರಿ. ನಮ್ಮವ್ವ ಮಾತ್ರ, ಇದು ನನ್ನ ಮಗಂದು ಅಂದಳು" ಎಂದು ನಕ್ಕರು. "ಅದಕ್ಕೂ ಮೊದಲು ಊರಾಗ ನಮ್ಮ ಹಾಡಿಗಿ ಕುಡುಕರ ಹಾಡು ಅಂತಿದ್ರಿ. ಮರದಿನದಿಂದ ಕುಂದ್ರಾಕ ಚಾಪಿ ಹಾಸಿದ್ರು" ಎಂದೂ ಹೇಳಿದರು.

ಈ ನಾಡಿನಲ್ಲಿ ರೇಡಿಯೋ ಬೆಳೆದ ಬಗೆಯೂ ಸ್ವಾರಸ್ಯವಾದುದು. ನಿಜಾಮರ ಸರಕಾರವು ೧೯೩೫ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡ ಹೈದರಾಬಾದಿನ ಕೇಂದ್ರವೇ ಒಂದು ಕಾಲಕ್ಕೆ ಈ ಸೀಮೆಯವರ ರೇಡಿಯೋ. ಅದರ ಮುಖ್ಯ ಭಾಷೆ ಉರ್ದು. ಅದೇ ೧೯೩೫ರ ಸೆಪ್ಟೆಂಬರದಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಚಿಕ್ಕ ಯಂತ್ರವನ್ನಿಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಅಲ್ಲಿ ದೊರೆತ 'ಆಕಾಶವಾಣಿ' ಎಂಬ ಹೆಸರು ತರುವಾಯ ಭಾರತದ ರೇಡಿಯೋಕ್ಕೆಲ್ಲ ಹೆಸರಾಯಿತು. ತಮ್ಮ ಮನೆಯಿಂದಲೇ ಆರಂಭಿಸಿದ ಆ ಪ್ರಾಧ್ಯಾಪಕರನ್ನು ಅಳಿಯನ ಗೆಳೆಯರು ತಮ್ಮ ಪಂಕ್ತಿಯಲ್ಲಿಯೇ ಕೂಡಿಸಿಕೊಂಡಾರು! ನಮ್ಮ ಧಾರವಾಡದ ಕೇಂದ್ರವು ೧೯೫೦ರ ಜನವರಿ ೮ರಂದು ತೆರೆಯಿತು. ಕಲಬುರಗಿಯದು ೧೯೬೬ರ ನವೆಂಬರದಲ್ಲಿ. ಹೊಲದ ದಂಡೆಯ ದನಿಗಳು ಊರೂರಿಗೆ ಕೇಳುವಂತಾದದ್ದು ಈ ಕೇಂದ್ರಗಳಿಂದ. ಆದರೆ ಯಂತ್ರವು ತಾನಾಗಿ ಏನನ್ನೂ ಕೇಳಿಸಲಾರದು. ಹಳ್ಳಿಯ ಪಡಸಾಲೆಯ ವರೆಗೆ ಬಂದು ನೆಲದ ಮೇಲೆ ಕೂಡುವ ಮನುಷ್ಯನೊಬ್ಬನು ಬೇಕು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಹಳ ದಿನಗಳಿಂದ ನೆನೆಯದೆ ಇದ್ದ ಒಂದು ಸಂಗತಿಯು ಮರಳಿ ಬಂದಿತು. ನನ್ನ ಈ ತಂಗಿಯು ಹತ್ತೊಂಬತ್ತು ವರ್ಷದವಳಿದ್ದಾಗ ಚೆನ್ನಾಗಿ ಹಾಡುತ್ತಿದ್ದಳು. ಗೆಳತಿಯ ಮಾತಿನಿಂದ, ಮನೆಯಲ್ಲಿ ಹೇಳದೆ, ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಬರಬೇಕೆಂದು ಪತ್ರ ಬಂದಿತು. ತಂದೆಯವರು ಅದನ್ನು ಓದಿ, ಮಡಚಿ, ಪಂಚಾಂಗದೊಳಗೆ ಇಟ್ಟರು. "ಮನಿ ಹೆಣ್ಣುಮಗಳ ದನಿ ಮನ್ಯಾಗ ಇರಲಿ" ಎಂದಷ್ಟೇ ಅಂದರು. ಅವರು ಅವಳ ಹಾಡನ್ನು ಕೇಳಿ ಸರಿಯಿಲ್ಲವೆಂದು ಹೇಳಿದವರಲ್ಲ. ಎಂದೂ ಕುಳಿತು ಕೇಳಿದವರೇ ಅಲ್ಲ. ನನಗೆ ಆಗ ಇಪ್ಪತ್ತೇಳು ವರ್ಷ, ನೌಕರಿಯಿತ್ತು, ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ಅವಳು ನನ್ನ ಮುಖವನ್ನು ನೋಡಿದಳು. ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆನು, ತಲೆ ಎತ್ತಲಿಲ್ಲ. ಪರೀಕ್ಷೆಯ ದಿನ ಕಳೆದುಹೋಯಿತು. ಅವಳು ಒಂದು ಮಾತನ್ನೂ ಆಡಲಿಲ್ಲ. ಹಾಡುವದನ್ನು ಯಾವಾಗ ಬಿಟ್ಟಳೆಂಬುದು ಸಹ ನಮಗೆ ತಿಳಿಯಲಿಲ್ಲ. ಹೂವು ಉದುರಿದ ದಿನವನ್ನು ಯಾರು ಲೆಕ್ಕವಿಡುವರು?

ಬೆಳಿಗ್ಗೆ ಎದ್ದು ಅಳಿಯನಿಗೆ, "ನಿಮ್ಮ ಹಾಡು ಪೂರ್ತಿ ಕೇಳತೇನಿ, ನಡಿ" ಎಂದೆನು. ತಗಡಿನ ಕೋಣೆಯಲ್ಲಿ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೂರು ನಿಮಿಷ ಕದಲದೆ ಕೇಳಿದೆನು. ಹಾಡು ನನಗೆ ಹಿಡಿಸಿತೆಂದು ಸುಳ್ಳು ಹೇಳಲಾರೆ. ಆದರೆ ಈ ಸಲ ಮಾತುಗಳು ಕೇಳಿಸಿದವು. ದೂರದ ಊರಿನಲ್ಲಿ ಓದುವ ಹುಡುಗನೊಬ್ಬನಿಗೆ ದಿನವೂ ರಾತ್ರಿ ತಾಯಿಯು ಫೋನು ಮಾಡಿ ಊಟವಾಯಿತೇ ಎಂದು ಕೇಳುವಳು. ಅವನು ದಿನವೂ ಆಯಿತೆನ್ನುವನು. ಆಗಿರುವದಿಲ್ಲ. ಅಷ್ಟೊಂದು ಗದ್ದಲದ ನಡುವೆ ಅಷ್ಟು ಸಣ್ಣ ಮಾತು ಕೂತಿತ್ತು.

ಆಮೇಲೆ ನಾವು ಹೊಲದ ಬದುವಿನ ಮೇಲೆ ಕುಳಿತು ವ್ಯವಹಾರದ ಮಾತಾಡಿದೆವು. ನನ್ನ ಪ್ರಮೇಯವು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಸಾದಾ ಕೂಡು-ಕಳೆ ಸಾಕಾಯಿತು. ಎಂ. ಎ. ಪರೀಕ್ಷೆಯನ್ನು ಅವನು ಮುಗಿಸತಕ್ಕದ್ದು, ಒಳ್ಳೆಯ 'ಕ್ಲಾಸು' ತರತಕ್ಕದ್ದು. ಅಲ್ಲಿಂದ ಒಂದು ವರ್ಷ ಮೇಳಕ್ಕೆ. ಆ ವರ್ಷ ಅವನ ಊಟದ ಖರ್ಚಿನ ಅರ್ಧವನ್ನು ನನ್ನ ಪಿಂಚಣಿಯಿಂದ ಕೊಡುವೆನು. ಉಳಿದರ್ಧವನ್ನು ಮಕ್ಕಳಿಗೆ ಪಾಠ ಹೇಳಿ ಅವನೇ ಗಳಿಸತಕ್ಕದ್ದು. ವರ್ಷದ ಕೊನೆಗೆ ಮತ್ತೆ ಕೂತು ಲೆಕ್ಕ ನೋಡುವದು. ಅವನು ಒಪ್ಪಿದನು. "ಅವ್ವಗ ಏನ ಹೇಳತೀರಿ ಮಾಮಾ?" ಎಂದು ಕೇಳಿದನು. ಅದೇ ಕಷ್ಟದ ಲೆಕ್ಕವಾಗಿತ್ತು. ಹಾಡನ್ನು ನನ್ನ ಮೊಬೈಲಿಗೆ ಹಾಕಿಕೊಡಲು ಹೇಳಿದೆನು.

ಊಟಕ್ಕೆ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಇದ್ದವು. ಅಳಿಯನು ಎರಡನೆಯ ರೊಟ್ಟಿ ಮುಗಿಸುವ ವರೆಗೆ ನಾನು ಎದುರಿಗೆ ಕುಳಿತು ನೋಡಿದೆನು. ಸಂಜೆಯ ಬಸ್ಸು ಹತ್ತುವಾಗ ತೊಗರಿಯ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಕಡಗಂಚಿಯ ಗುಡಿಯ ಶಿಖರವು ಕಾಣುವ ತನಕ ಹಿಂದಿರುಗಿ ನೋಡಿದೆನು. ಹೇಳುವವನಿಗಿಂತ ಕೇಳುವವನು ಕಡಿಮೆಯವನಲ್ಲವೆಂದು ಆ ಊರಿನ ಕವಿಯು ಎಷ್ಟೋ ಶತಮಾನಗಳ ಹಿಂದೆಯೇ ತನ್ನ ಗ್ರಂಥದ ಹಂದರದಲ್ಲಿ ತೋರಿಸಿಟ್ಟಿದ್ದನು. ನನಗೆ ತಿಳಿಯಲಿಕ್ಕೆ ಅರವತ್ತೈದು ವರ್ಷ ಬೇಕಾದವು.

ಧಾರವಾಡಕ್ಕೆ ಬಂದು ನೆಟ್ಟಗೆ ತಂಗಿಯ ಮನೆಗೆ ಹೋದೆನು. ಅವಳು ಬಾಗಿಲಲ್ಲಿಯೇ, "ಹೇಳಿದೇನಣ್ಣಾ? ಏನಂದ?" ಎಂದು ಕೇಳಿದಳು. "ಮೊದಲ ಇದನ್ನ ಕೇಳು" ಎಂದು ಮೊಬೈಲನ್ನು ಅವಳ ಕೈಗೆ ಕೊಟ್ಟೆನು. ಅವಳು ಅಡಿಗೆಮನೆಯ ಮಣೆಯ ಮೇಲೆ ಕುಳಿತಳು. ಮೊದಲ ಪೆಟ್ಟಿಗೆ ಬೆಚ್ಚಿ ಮುಖ ಕಿವಿಚಿದಳು, ಆದರೆ ನಿಲ್ಲಿಸಲಿಲ್ಲ. ಹಾಡು ಮುಗಿಯಿತು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಅವಳು ಅದನ್ನು ನೋಡಲಿಲ್ಲ.

"ಬಾರಸೂದು ಭಾಳ ಜೋರಾತು. ಮಾತು ತಿಳೀಲಿಲ್ಲ" ಎಂದಳು. ಸ್ವಲ್ಪ ತಡೆದು, "ಇನ್ನೊಮ್ಮೆ ಹಚ್ಚು" ಎಂದಳು.